ನಾಲೆ ನೀರಿನ ಲಾಗರ್: ಪಿಐಡಿ ಫೈಲ್ ಹೋಗಿ ಫ್ಲಾಕ್ ಬಂತು

ಮಂಡ್ಯ ಪಕ್ಕದ ಉಪನಾಲೆಯ ತೂಬಿನ ಬಳಿ ಕೂರಿಸಿರುವ ರಾಸ್ಪ್‌ಬೆರಿ ಪೈ ಎಂಬ ಪುಟ್ಟ ಕಂಪ್ಯೂಟರ್ ನಿಮಿಷಕ್ಕೊಮ್ಮೆ ಅಲ್ಟ್ರಾಸಾನಿಕ್ ಸೆನ್ಸರ್ ಓದಿ ಸಿಎಸ್‌ವಿ ಫೈಲಿಗೆ ಒಂದು ಸಾಲು ಸೇರಿಸುತ್ತದೆ. ಐದು ನಿಮಿಷಕ್ಕೊಮ್ಮೆ ಇನ್ನೊಂದು ಸ್ಕ್ರಿಪ್ಟ್ ಆ ಸಾಲುಗಳನ್ನು ಸರ್ವರ್‌ಗೆ ಕಳಿಸಿ ಫೈಲ್ ಖಾಲಿ ಮಾಡುತ್ತದೆ. ಎರಡನ್ನೂ ಹೊತ್ತಿಗೆ ಸರಿಯಾಗಿ ಓಡಿಸುವುದು ಕ್ರಾನ್. ಓದಿ ಮುಗಿಸುವುದಕ್ಕೂ ಖಾಲಿ ಮಾಡುವುದಕ್ಕೂ ನಡುವೆ ಸೆನ್ಸರ್ ಸಾಲು ಬಂದು ಕೂತರೆ ಅದು ಹೋದ ಹಾಗೇ. ಅದಕ್ಕೇ ಒಂದು ಸಲಕ್ಕೆ ಒಬ್ಬರನ್ನೇ ಒಳಗೆ ಬಿಡುವ ಲಾಕ್ ಬೇಕು.

ಮೊದಲು ಇದ್ದದ್ದು ಪಿಐಡಿ ಫೈಲ್, ಅಂದರೆ ಓಡುತ್ತಿರುವ ಪ್ರೊಸೆಸ್‌ನ ಸಂಖ್ಯೆ (ಪಿಐಡಿ) ಬರೆದಿಡುವ ಫೈಲ್. ಓ_ಎಕ್ಸ್‌ಕ್ಲ್ ಕೊಟ್ಟು ಫೈಲ್ ಸೃಷ್ಟಿಸುವುದು, ಆಗಲೇ ಇದ್ದರೆ ವಾಪಸಾಗುವುದು, ಕೆಲಸ ಮುಗಿದ ಮೇಲೆ ಅಳಿಸುವುದು. ಸೃಷ್ಟಿಸುವ ಹೆಜ್ಜೆಯಲ್ಲಿ ತಪ್ಪಿಲ್ಲ, ಇಬ್ಬರಲ್ಲಿ ಒಬ್ಬರಿಗೇ ಸಿಗುತ್ತದೆ. ಕೆಡುವುದು ಅಳಿಸುವ ಕಡೆ. ನಡುವೆ ಕರೆಂಟ್ ಹೋದರೆ ಎಸ್‌ಡಿ ಕಾರ್ಡಿನಲ್ಲಿ ಫೈಲ್ ಉಳಿಯುತ್ತದೆ, ಆಮೇಲೆ ಬಂದವರೆಲ್ಲ ಒಳಗೆ ಯಾರೋ ಇದ್ದಾರೆಂದು ಹಿಂತಿರುಗುತ್ತಾರೆ. ಒಳಗಿನ ಪಿಐಡಿಗೆ ಸೊನ್ನೆ ಸಿಗ್ನಲ್ ಕಳಿಸಿ ಜೀವ ಇದೆಯೇ ಎಂದು ನೋಡಿದರೂ ಸಾಲದು: ರೀಬೂಟ್ ಆದ ಮೇಲೆ ಅದೇ ಸಂಖ್ಯೆ ಬೇರೆ ಪ್ರೊಸೆಸ್‌ಗೆ ಸಿಕ್ಕಿರಬಹುದು.

ಈಗ ಫ್ಲಾಕ್, ಅಂದರೆ ಲಿನಕ್ಸ್‌ನ ಲಾಕ್ ಕಮಾಂಡ್. ಇದರಲ್ಲಿ ಲಾಕ್ ಇರುವುದು ಆಪರೇಟಿಂಗ್ ಸಿಸ್ಟಮ್‌ನ ತಿರುಳಾದ ಕರ್ನಲ್‌ನಲ್ಲಿ, ಫೈಲ್ ಬರೀ ಗುರುತು. ಪ್ರೊಸೆಸ್ ಸತ್ತರೆ, ಕರೆಂಟ್ ಹೋದರೆ, ಲಾಕ್ ತಾನಾಗಿ ಬಿಡುತ್ತದೆ. ಸೊನ್ನೆ ಬೈಟಿನ ಆ ಫೈಲ್ ಸದಾ ಅಲ್ಲೇ ಇರಲಿ. ಚೊಕ್ಕಟವಾಗಿರಲೆಂದು ಅದನ್ನು ಅಳಿಸುವ ಸಾಲು ದಯವಿಟ್ಟು ಸೇರಿಸಬೇಡಿ. ಲಾಕ್ ಹಿಡಿದಿರುವ ಮೊದಲನೆಯ ಪ್ರೊಸೆಸ್ ಫೈಲ್ ಅಳಿಸಿ ಹೊರಟಿತು ಅಂದುಕೊಳ್ಳಿ. ಅದೇ ಫೈಲನ್ನು ತೆರೆದು ಕಾಯುತ್ತಿದ್ದ ಎರಡನೆಯದಕ್ಕೆ ಅಳಿದ ಐನೋಡ್ (ಹೆಸರಿನ ಹಿಂದಿರುವ ನಿಜವಾದ ಫೈಲ್) ಮೇಲೆ ಲಾಕ್ ಸಿಗುತ್ತದೆ. ಅಷ್ಟರಲ್ಲಿ ಬಂದ ಮೂರನೆಯದು ಅದೇ ಹೆಸರಲ್ಲಿ ಹೊಸ ಫೈಲ್ ಮಾಡಿ ಅದರ ಮೇಲೆ ಲಾಕ್ ಪಡೆಯುತ್ತದೆ. ಇಬ್ಬರೂ ಒಳಗೆ, ಎರರ್ ಮಾತ್ರ ಎಲ್ಲೂ ಇಲ್ಲ.

ಸಿಎಸ್‌ವಿ ಫೈಲಿನ ಮೇಲೆಯೇ ಲಾಕ್ ಹಾಕದಿರುವುದಕ್ಕೂ ಐನೋಡೇ ಕಾರಣ. ಕಳಿಸುವ ಸ್ಕ್ರಿಪ್ಟ್ ಈಗ ಫೈಲ್ ಖಾಲಿ ಮಾಡುವ ಬದಲು ರೀನೇಮ್ ಮಾಡುತ್ತದೆ, ಆಮೇಲೆ ಅದೇ ಹೆಸರಲ್ಲಿ ಹುಟ್ಟುವ ಹೊಸ ಫೈಲಿಗೆ ಬೇರೆ ಐನೋಡ್ ಬರುತ್ತದೆ.

ಲಾಕ್ ಫೈಲ್ ಎರಡು ಇಟ್ಟಿದೆ. ಡೇಟಾ ಲಾಕಿಗೆ ಸೆನ್ಸರ್ ಸ್ಕ್ರಿಪ್ಟ್ -ಡಬ್ಲ್ಯೂ 20 ಕೊಟ್ಟು 20 ಸೆಕೆಂಡ್ ತನಕ ಕಾಯುತ್ತದೆ. ಅಳತೆ ತೆಗೆಯುವುದು ಲಾಕಿಗೆ ಮೊದಲು, ಸಿಎಸ್‌ವಿ ತೆರೆಯುವುದು ಲಾಕ್ ಸಿಕ್ಕ ಮೇಲೆ. ಮುಂಚೆಯೇ ತೆರೆದಿಟ್ಟುಕೊಂಡರೆ ರೀನೇಮ್ ಆದ ಹಳೆಯ ಫೈಲಿಗೆ ಸಾಲು ಬೀಳುತ್ತದೆ. ಕಳಿಸುವ ಸ್ಕ್ರಿಪ್ಟ್ ಇದೇ ಲಾಕ್ ಹಿಡಿದು ಸಿಎಸ್‌ವಿಗೆ ಸಮಯದ ಹೆಸರು ಕೊಟ್ಟು ರೀನೇಮ್ ಮಾಡಿ ತಕ್ಷಣ ಬಿಡುತ್ತದೆ. ಅಪ್‌ಲೋಡ್ ಆಮೇಲೆ, ಲಾಕಿನ ಹೊರಗೆ. ಮೊಬೈಲ್ ನೆಟ್‌ವರ್ಕ್ ಎಳೆದಾಡುವಷ್ಟು ಹೊತ್ತೂ ಡೇಟಾ ಲಾಕ್ ಹಿಡಿದರೆ ಸೆನ್ಸರಿನ 20 ಸೆಕೆಂಡ್ ಮುಗಿದೇ ಹೋಗುತ್ತದೆ. ಎರಡನೆಯ ಲಾಕ್ ಕಳಿಸುವ ಸ್ಕ್ರಿಪ್ಟಿಗೆ ಮಾತ್ರ: ಹಿಂದಿನ ಓಟ ಮುಗಿದಿರದಿದ್ದರೆ -ಎನ್ ಇರುವುದರಿಂದ ಕಾಯದೆ ಹೊರಡುತ್ತದೆ. ಎರಡೂ ಲಾಕಿಗೆ ದೊಡ್ಡಕ್ಷರದ -ಇ 75 ಕೂಡ ಸೇರಿಸಿದೆ. ಲಾಕ್ ಸಿಗದಿದ್ದಾಗ ಫ್ಲಾಕ್ ಕೊಡುವುದು 1, ಸ್ಕ್ರಿಪ್ಟ್ ಕೆಟ್ಟರೂ ಸಾಮಾನ್ಯವಾಗಿ 1, ಬೇರ್ಪಡಿಸಲು ಬೇರೆ ಅಂಕಿ ಬೇಕು.

ಇದರಲ್ಲಿ ಸಿಕ್ಕ ಒಂದು ದೋಷ: ಕಳಿಸುವ ಸ್ಕ್ರಿಪ್ಟ್ ಮುಗಿದರೂ ಎರಡನೆಯ ಲಾಕ್ ಬಿಡುತ್ತಿರಲಿಲ್ಲ. ಲಾಕ್‌ಗಳ ಪಟ್ಟಿ ಕೊಡುವ ಎಲ್‌ಎಸ್‌ಲಾಕ್ಸ್ ಕಮಾಂಡ್ ತೋರಿಸುತ್ತಿದ್ದ ಪಿಐಡಿಯ ಪ್ರೊಸೆಸ್ಸೇ ಬದುಕಿರಲಿಲ್ಲ. ಫ್ಯೂಸರ್ ಹಾಕಿ ಲಾಕ್ ಫೈಲ್ ಯಾರ ಬಳಿ ತೆರೆದಿದೆ ಎಂದು ನೋಡಿದಾಗ ಮೋಡೆಮ್‌ಗಾಗಿ ಹಿನ್ನೆಲೆಯಲ್ಲಿ ಬಿಟ್ಟ ಪ್ರೊಸೆಸ್ ಸಿಕ್ಕಿತು. ಫೈಲ್ ಡಿಸ್ಕ್ರಿಪ್ಟರ್ (ತೆರೆದ ಫೈಲಿನ ಹಿಡಿಕೆ) ಸ್ಕ್ರಿಪ್ಟ್ ಹುಟ್ಟಿಸಿದ ಮಕ್ಕಳ ಪ್ರೊಸೆಸ್‌ಗಳಿಗೂ ಹೋಗುತ್ತದೆ, ಕೊನೆಯ ಪ್ರತಿ ಮುಚ್ಚುವ ತನಕ ಲಾಕ್ ಉಳಿಯುತ್ತದೆ. ಫ್ಲಾಕ್‌ಗೆ -ಓ ಕೊಟ್ಟರೆ ಕಮಾಂಡ್ ಓಡಿಸುವ ಮುನ್ನ ಅದನ್ನು ಮುಚ್ಚುತ್ತದೆ, ಈಗ ಸರಿಯಾಗಿದೆ.

ಇನ್ನೊಂದು ಬಗೆಯಾದ ಎಫ್‌ಸಿಎನ್‌ಟಿಎಲ್ ಲಾಕ್ ಕೈಬಿಟ್ಟಿದ್ದು ಬೇಕೆಂದೇ. ಅದೇ ಪ್ರೊಸೆಸ್‌ನ ಯಾವುದೋ ಲೈಬ್ರರಿ ಅದೇ ಫೈಲನ್ನು ತೆರೆದು ಮುಚ್ಚಿದರೂ ಲಾಕ್ ಹೋಗಿಬಿಡುತ್ತದೆ.

ಒಂದು ಎಚ್ಚರ: ಫ್ಲಾಕ್ ಕೇಳಿದವರನ್ನು ಮಾತ್ರ ತಡೆಯುತ್ತದೆ. ನ್ಯಾನೋ ಎಡಿಟರ್‌ನಲ್ಲಿ ಸಿಎಸ್‌ವಿ ತೆರೆದು ಸೇವ್ ಮಾಡುವವರನ್ನು ತಡೆಯುವುದಿಲ್ಲ. ಕೈಯಾರೆ ತಿದ್ದಬೇಕಾದರೆ ನ್ಯಾನೋವನ್ನೂ ಡೇಟಾ ಲಾಕಿನಡಿ ಓಡಿಸಿ, 20 ಸೆಕೆಂಡಿನೊಳಗೆ ಮುಗಿಸಿ.

ಬಾಕಿ ಇರುವುದು: ಸೆನ್ಸರ್ ಕಡೆ 75 ಬಂದಾಗ ಆ ಅಳತೆಯನ್ನು ಬಿಸಾಡದೆ ಬೇರೆ ಫೈಲಿನಲ್ಲಿ ಇಟ್ಟು, ಮುಂದಿನ ನಿಮಿಷ ಲಾಕ್ ಸಿಕ್ಕಾಗ ಎರಡನ್ನೂ ಬರೆಯುವುದು.