ಒಮಾನಿನ ಮನೆಗಳಲ್ಲಿ ಸಂದರ್ಶನ: ಪಕ್ಕದಲ್ಲಿ ಕುಳಿತವರನ್ನು ಕುರಿತು

ಮಸ್ಕತ್ ಮತ್ತು ನಿಜ್ವಾ ಸುತ್ತಮುತ್ತ ಸಕ್ಕರೆ ಕಾಯಿಲೆಯಿರುವ ಹೆಂಗಸರನ್ನು ಅವರ ಮನೆಗಳಲ್ಲೇ ಕಂಡು, ಊಟ, ಔಷಧ ಮತ್ತು ರಂಜಾನ್ ಉಪವಾಸದ ಬಗ್ಗೆ ಸಂಶೋಧನೆಗಾಗಿ ವಿವರವಾಗಿ ಮಾತನಾಡಿಸುವುದು ನನ್ನ ಕೆಲಸ. ಸಂದರ್ಶನ ಕೊಡುವವರು ಒಬ್ಬರೇ ಇರಬೇಕೆಂದು ನಮಗೆ ತರಬೇತಿಯಲ್ಲಿ ಕಲಿಸಿರುತ್ತಾರೆ. ಇಲ್ಲಿ ಅಂಥ ಏಕಾಂತ ಸಿಗುವುದು ಅಪರೂಪ. ಅತ್ತೆ, ಸೊಸೆ, ಹಿರಿಯ ಮಗಳು, ಕೆಲವೊಮ್ಮೆ ನೆರೆಮನೆಯವರೂ ಬಂದು ಕೂರುತ್ತಾರೆ, ಮತ್ತು ಅತಿಥಿಯಾಗಿ ಬಂದವರು ಅವರನ್ನು ಎಬ್ಬಿಸಿ ಕಳುಹಿಸುವುದು ಮರ್ಯಾದೆಯಲ್ಲ.

ಹಾಗೆ ಕೂತವರಿಂದ ಸಂದರ್ಶನ ಕೆಡುತ್ತದೆ ಎಂಬ ಮಾತನ್ನು ನಾನು ಒಪ್ಪುವುದಿಲ್ಲ. ಒಬ್ಬ ತಾಯಿ, ವೈದ್ಯರು ಬೇಡವೆಂದ ಕಾರಣ ತಾನು ಉಪವಾಸ ಹಿಡಿಯುವುದಿಲ್ಲ ಎಂದರು. ಖರ್ಜೂರದ ತಟ್ಟೆಯನ್ನು ನನ್ನತ್ತ ಸರಿಸುತ್ತಿದ್ದ ಮಗಳು, "ಅಮ್ಮಾ, ಒಂದು ದಿನವೂ ಬಿಡಲಿಲ್ಲವಲ್ಲ" ಎಂದಳು. ತಾಯಿ ಸ್ವಲ್ಪ ಹೊತ್ತು ಸುಮ್ಮನಿದ್ದು, ಹಗಲಿನ ಇನ್ಸುಲಿನ್ ಬಿಟ್ಟು ಉಪವಾಸ ಮಾಡಿದ್ದನ್ನು, ಮನೆಯವರೆಲ್ಲ ಉಪವಾಸವಿರುವಾಗ ತಾನೊಬ್ಬಳೇ ಉಣ್ಣಲು ಮನಸ್ಸೊಪ್ಪದ್ದನ್ನು ಹೇಳಿದರು. ಆಸ್ಪತ್ರೆಯವರಿಗೆ ಅತ್ಯಗತ್ಯವಾಗಿ ತಿಳಿಯಬೇಕಾದ ಸಂಗತಿ ಅದು; ಮಗಳಿಲ್ಲದಿದ್ದರೆ ಹೊರಬೀಳುತ್ತಿರಲಿಲ್ಲ. ಆದರೆ ಅತ್ತೆಯ ಎದುರು ಸೊಸೆಯ ಬಾಯಿ ಕಟ್ಟುವುದೂ ಅಷ್ಟೇ ನಿಜ. ದಾಂಪತ್ಯದ ವಿಷಯಗಳನ್ನು ಮೊದಲ ಭೇಟಿಯಲ್ಲಿ ಎತ್ತುವುದಿಲ್ಲ, ಎತ್ತಿದಾಗಲೂ "ಇಂಥ ಕಾಯಿಲೆ ಬಂದ ಹೆಂಗಸಿಗೆ ಮನೆಯಲ್ಲಿ ಯಾರು ಆಸರೆಯಾಗುತ್ತಾರೆ?" ಎಂದು ಸಾಮಾನ್ಯವಾಗಿ ಕೇಳುತ್ತೇನೆ, ತಮ್ಮ ಕಥೆ ಹೇಳಬೇಕೋ ಬೇಡವೋ ಎಂಬುದು ಅವರಿಗೇ ಬಿಟ್ಟದ್ದು.

ಏಲಕ್ಕಿ ಹಾಕಿದ ಕಹ್ವಾ (ಅರಬ್ ಕಾಫಿ) ಮುಗಿದು, ಸಾಕೆಂದು ಬಟ್ಟಲನ್ನು ಮೆಲ್ಲಗೆ ಅಲ್ಲಾಡಿಸಿ ಹಿಂದಿರುಗಿಸುವವರೆಗೆ ಚೀಲದಿಂದ ಒಪ್ಪಿಗೆ ಪತ್ರ ತೆಗೆಯುವುದಿಲ್ಲ. ಸಹಿ ಎಂದೊಡನೆ ಸರ್ಕಾರಿ ದಾಖಲೆಯೆಂದು ಅಂಜುವವರಿದ್ದಾರೆ. ಆದ್ದರಿಂದ ಬಾಯಿಮಾತಿನ ಒಪ್ಪಿಗೆಗೆ, ಸಂಶೋಧನೆಯ ರೀತಿನೀತಿಯನ್ನು ಪರಿಶೀಲಿಸುವ ನೈತಿಕ ಸಮಿತಿಯ ಅನುಮತಿಯನ್ನು ಮೊದಲೇ ಪಡೆದಿರಬೇಕು. ತಮ್ಮ ದನಿಯನ್ನು ಪರ ಗಂಡಸರು ಕೇಳಬಾರದೆಂದು ಧ್ವನಿಮುದ್ರಣ ಬೇಡವೆನ್ನುವವರ ಮಾತನ್ನು ಜೊತೆಗೆ ಬಂದ ಸಹೋದ್ಯೋಗಿ ಬರೆದುಕೊಳ್ಳುತ್ತಾರೆ, ಅವರೂ ಹೆಂಗಸೇ ಆಗಿರುತ್ತಾರೆ. 1964ರ ಕ್ರಾಂತಿಯ ನಂತರ ಪೂರ್ವ ಆಫ್ರಿಕಾದ ದ್ವೀಪ ಜಾಂಜಿಬಾರಿನಿಂದ ಬಂದ ಕುಟುಂಬಗಳಲ್ಲಿ ಹಿರಿಯರು ನೋವಿನ ಮಾತಿಗೆ ಸ್ವಾಹಿಲಿಗೆ ಹೊರಳುವುದುಂಟು. ಅಂಥಲ್ಲಿಗೆ ಆ ಭಾಷೆ ಬಲ್ಲವರನ್ನೇ ಕರೆದೊಯ್ಯಬೇಕು.

ಸಂದರ್ಶನದ ಮಾತುಗಳನ್ನು ಬರಹಕ್ಕಿಳಿಸಿದ ಪ್ರತಿಲಿಪಿಯಲ್ಲಿ ಯಾರು ಎಲ್ಲಿ ಕುಳಿತಿದ್ದರು, ಯಾರು ಬಂದಾಗ ಮಾತು ನಿಂತಿತು ಎಂಬುದನ್ನೂ ಅದೇ ಸಂಜೆ ಸೇರಿಸುತ್ತೇವೆ. ವಿಶ್ಲೇಷಣೆಯಲ್ಲಿ ಮಗಳ ಮಾತನ್ನು ತಾಯಿಯ ಉತ್ತರದೊಳಗೆ ಬೆರೆಸದೆ, ಪ್ರತ್ಯೇಕ ದನಿಯಾಗಿಯೇ ಗುರುತಿಸುತ್ತೇವೆ. ಮಗಳ ಒಪ್ಪಿಗೆಯನ್ನೂ ಬೇರೆಯಾಗಿಯೇ ಕೇಳಿರುತ್ತೇವೆ.