ಹುಣಸೆಹುಳಿ ಮತ್ತು ಖಾಲಿ ತೋಟಾ

ಬಳ್ಳಾರಿ, 27 ಅಕ್ಟೋಬರ್ 2024, ಭಾನುವಾರ

ಟೆಕ್ಸಾಸ್‌ನಲ್ಲಿರುವ ಚಿಕ್ಕಪ್ಪನ ಮಗ ಬೆಳಿಗ್ಗೆ ಒಂದು ಫೋಟೊ ಕಳಿಸಿದ್ದ. ಟವೆಲ್ ಮೇಲೆ ಹರಡಿದ ಹಿತ್ತಾಳೆಯ ಖಾಲಿ ತೋಟಾಗಳು, ಅಂದರೆ ಬಂದೂಕಿನ ಗುಂಡು ಕೂರುವ ಕೊಳವೆಗಳು. ಎಲ್ಲದರ ಕುತ್ತಿಗೆಗೂ ಮಸಿ. ಕೆಳಗೆ ಒಂದೇ ಸಾಲು: "ಅಕ್ಕಾ, ದೊಡ್ಡವ್ವ ಹುಣಸೆಹಣ್ಣು ಹಾಕಿ ಹಂಡೆ ತಿಕ್ತಿದ್ದಳಲ್ಲ, ಇದಕ್ಕೂ ನಡೀತದಾ?"

ಅವನು ಅಲ್ಲಿ ರೈಫಲ್ ರೇಂಜಿಗೆ ಹೋಗುತ್ತಾನೆ. ಹಾರಿಸಿದ ಮೇಲೆ ಉಳಿಯುವ ಹಿತ್ತಾಳೆ ಕೊಳವೆಯನ್ನು ತಂದು, ತೊಳೆದು, ಮತ್ತೆ ಮದ್ದು, ಗುಂಡು ತುಂಬಿಕೊಳ್ಳುತ್ತಾನೆ. ಸ್ವಂತ ಬಳಕೆಗೆ ಮಾಡಿಕೊಳ್ಳುವುದಕ್ಕೆ ಅಲ್ಲಿ ಪರವಾನಗಿ ಬೇಕಿಲ್ಲವಂತೆ. ನಮ್ಮಲ್ಲಿ ಹಾಗಲ್ಲ. ಪರವಾನಗಿ ಇಲ್ಲದೆ ತೋಟಾ ತಯಾರಿಸುವುದು 1959ರ ಶಸ್ತ್ರಾಸ್ತ್ರ ಕಾಯ್ದೆಯಲ್ಲಿ ಅಪರಾಧ. ಹಾಗಾಗಿ ತುಂಬುವ ವಿಷಯ ಅವನಿಗೇ ಇರಲಿ. ತಿಕ್ಕುವ ವಿಷಯ ಮಾತ್ರ ನನ್ನದು. ಮಕ್ಕಳಿಗೆ ಕೆಮಿಸ್ಟ್ರಿ ಹೇಳುವವಳು ನಾನು, ಹಿತ್ತಾಳೆ ಅಂದರೆ ಬಾಯಿ ಸುಮ್ನೆ ಇರುವುದಿಲ್ಲ.

ಬುಧವಾರ ನೀರು ತುಂಬುವ ಹಬ್ಬ. ಅವ್ವ ಆಗಲೇ ಹಂಡೆ ಇಳಿಸಿ, ಹುಣಸೆಹಣ್ಣು ನೆನೆಹಾಕಿದ್ದಳು. ಫೋಟೊ ತೋರಿಸಿದೆ. ಕನ್ನಡಕ ಏರಿಸಿ ನೋಡಿ, "ಇಷ್ಟು ಸಣ್ಣದರ ಒಳಗೆ ಕೈ ಹ್ಯಾಂಗ ಹೋಗತೈತಿ?" ಎಂದಳು. ಸರಿಯಾದ ಪ್ರಶ್ನೆ ಅದು, ಆಮೇಲೆ ಅದಕ್ಕೆ ಬರುತ್ತೇನೆ.

ಹಿತ್ತಾಳೆ ಮೇಲೆ ಕೂರುವ ಕೊಳೆ ಎರಡು ಜಾತಿಯದು. ಒಂದು ಮಸಿ, ಅಂದರೆ ಇಂಗಾಲ. ಅದು ಹೊರಗಿನಿಂದ ಬಂದು ಅಂಟಿಕೊಂಡದ್ದು. ಇನ್ನೊಂದು ಹಿತ್ತಾಳೆ ತಾನೇ ಗಾಳಿ, ತೇವದ ಜೊತೆ ಸೇರಿ ಮಾಡಿಕೊಂಡ ಕಂದು ಪದರ. ಜಾಸ್ತಿ ದಿನ ಬಿಟ್ಟರೆ ಹಸಿರು ಕಿಲುಬು. ಹುಣಸೆಹಣ್ಣಿನಲ್ಲಿ ಟಾರ್ಟಾರಿಕ್ ಆಮ್ಲ ಇದೆ, ನಿಂಬೆಯಲ್ಲಿ ಸಿಟ್ರಿಕ್ ಆಮ್ಲ. ಎರಡೂ ಕಂದು ಪದರವನ್ನು, ಕಿಲುಬನ್ನು ಕರಗಿಸುತ್ತವೆ. ಮಸಿಯನ್ನು ಯಾವ ಹುಳಿಯೂ ಕರಗಿಸುವುದಿಲ್ಲ. ಇಂಗಾಲಕ್ಕೆ ಹುಳಿಯ ಭಯ ಇಲ್ಲ. ಹಾಗಾದರೆ ಅವ್ವನ ಹಂಡೆ ಬೆಳಗುವುದು ಹೇಗೆ? ಮಸಿಯ ಕೆಳಗಿನ ಪದರ ಕರಗುತ್ತದೆ, ಮಸಿಯ ಹಿಡಿತ ಸಡಿಲವಾಗುತ್ತದೆ. ಮಿಕ್ಕ ಕೆಲಸ ತೆಂಗಿನ ನಾರಿನದು, ರಟ್ಟೆಯದು. ಹಳಬರು ಹುಳಿಗೆ ಮುಂಚೆ ಬೂದಿ ಹಾಕುತ್ತಿದ್ದರು. ಬೂದಿ ಕ್ಷಾರ, ಜಿಡ್ಡು ಬಿಡಿಸುತ್ತದೆ. ಈಗ ಆ ಕೆಲಸ ಸಾಬೂನಿನದು.

ತೋಟಾದ ಕುತ್ತಿಗೆಗೇ ಯಾಕೆ ಮಸಿ ಎಂದು ನಾನು ಕೇಳಿದೆ. ಅವನು ಹೇಳಿದ್ದು ಚೆನ್ನಾಗಿತ್ತು. ಗುಂಡು ಹಾರುವ ಕ್ಷಣದಲ್ಲಿ ಒಳಗಿನ ಒತ್ತಡಕ್ಕೆ ಹಿತ್ತಾಳೆ ಉಬ್ಬಿ, ಬಂದೂಕಿನೊಳಗೆ ತೋಟಾ ಕೂರುವ ಕೋಣೆಯ ಗೋಡೆಗೆ ಒತ್ತಿಕೊಳ್ಳುತ್ತದೆ. ಹೊಗೆ ಹಿಂದಕ್ಕೆ ಬರದಂತೆ ಅದೇ ಮುಚ್ಚಳ. ಉಬ್ಬುವ ಮೊದಲು ಚೂರು ಹೊಗೆ ಕುತ್ತಿಗೆಯ ಸುತ್ತ ನುಸುಳುತ್ತದೆ. ಕುತ್ತಿಗೆಗಷ್ಟೇ ಮಸಿ ಇದ್ದರೆ ಚಿಂತೆ ಇಲ್ಲ. ಮೈಯುದ್ದಕ್ಕೂ ಹರಿದಿದ್ದರೆ ಒತ್ತಡ ಸಾಲದೆ ಮುಚ್ಚಳ ಸರಿಯಾಗಿ ಕೂತಿಲ್ಲ ಎಂದರ್ಥ. ಹಾಗಾಗಿ ತೊಳೆಯುವ ಮುಂಚೆ ಒಮ್ಮೆ ಮಸಿಯನ್ನೇ ನೋಡಿಕೊಳ್ಳಬೇಕಂತೆ.

ತೊಳೆಯುವುದು ಚೆಂದಕ್ಕಲ್ಲ. ಮಸಿಯ ಜೊತೆ ಮರಳಿನ ಕಣ ಇದ್ದರೆ, ಕೊಳವೆಯನ್ನು ಮತ್ತೆ ಅಳತೆಗೆ ತರುವ ಉಕ್ಕಿನ ಅಚ್ಚಿನೊಳಗೆ ಗೀರು ಬೀಳುತ್ತದೆ. ಆಮೇಲೆ ಆ ಅಚ್ಚು ಪ್ರತಿ ಕೊಳವೆಗೂ ಗೀರು ಹಾಕುತ್ತಾ ಹೋಗುತ್ತದೆ. ಮಸಿಯ ಅಡಿಯಲ್ಲಿ ಕೂದಲೆಳೆಯಂಥ ಬಿರುಕಿದ್ದರೆ ಕಾಣುವುದಿಲ್ಲ. ಗೀರಿನ ಭಯಕ್ಕೇ, ತಿಕ್ಕಲು ಇಟ್ಟಿಗೆ ಪುಡಿ ಬೇಡವೇ ಬೇಡ ಎಂದೆ. ಬಳ್ಳಾರಿಯವರಿಗೆ ಇದನ್ನು ಬಿಡಿಸಿ ಹೇಳಬೇಕಾ? ಅದಿರಿನ ಕೆಂಪು ದೂಳು ಕೂತ ದೀಪದ ಕಂಬವನ್ನು ಒಣಬಟ್ಟೆಯಲ್ಲಿ ಒರೆಸಿ ನೋಡಿ, ಎಷ್ಟು ಗೀರು! ಮೊದಲು ನೀರು, ಆಮೇಲೆ ಕೈ.

ಈಗ ಅವ್ವನ ಪ್ರಶ್ನೆ. ಒಳಗೆ ಕೈ ಹೋಗುವುದಿಲ್ಲ, ಅದಕ್ಕೆ ಅವರದು ತಿರುಗುವ ಡ್ರಮ್ಮು. ಒಣ ಪದ್ಧತಿಯಲ್ಲಿ ಮೆಕ್ಕೆಜೋಳದ ದಿಂಡಿನ ನುಚ್ಚು ಅಥವಾ ಅಕ್ರೋಟಿನ ಚಿಪ್ಪಿನ ಪುಡಿ ಹಾಕಿ ಗಂಟೆಗಟ್ಟಲೆ ಅಲುಗಿಸುತ್ತಾರೆ. ನಮ್ಮ ಕಡೆ ದಿಂಡು ಒಲೆಗೆ ಹೋಗುತ್ತದೆ, ಅಲ್ಲಿ ಚೀಲ ಕಟ್ಟಿ ಮಾರುತ್ತಾರೆ! ಒದ್ದೆ ಪದ್ಧತಿಯಲ್ಲಿ ನೀರು, ಪಾತ್ರೆ ತೊಳೆಯುವ ಸಾಬೂನು, ಚಿಟಿಕೆ ಸಿಟ್ರಿಕ್ ಆಮ್ಲ, ಜೊತೆಗೆ ಸ್ಟೀಲಿನ ಸಣ್ಣ ಸಣ್ಣ ಕಡ್ಡಿಗಳು. ಕಡ್ಡಿಗಳು ಒಳಗೆ ಹೊಕ್ಕು ಕೆರೆಯುತ್ತವೆ, ಬುಡದಲ್ಲಿ ಪ್ರೈಮರ್ (ಮದ್ದಿಗೆ ಕಿಡಿ ಹಚ್ಚುವ ಪುಟ್ಟ ಬಿಲ್ಲೆ) ಕೂರುವ ಗುಳಿಯವರೆಗೂ. ಅಂದರೆ ಅವ್ವ ಮಾಡುವುದೇ. ಹುಳಿ, ಸಾಬೂನು, ತಿಕ್ಕುವುದು. ರಟ್ಟೆ ಮಾತ್ರ ಕರೆಂಟಿನದು.

ಹಾಗಾಗಿ ಅವನಿಗೆ ಬರೆದೆ: ಹುಣಸೆಹುಳಿ ನಡೆಯುತ್ತದೆ, ಆದರೆ ಬೇಡ. ನಾರು, ತೊಪ್ಪೆ ಒಳಗೆ ಸಿಕ್ಕಿಕೊಳ್ಳುತ್ತದೆ. ಸಿಟ್ರಿಕ್ ಆಮ್ಲ ಸಾಕು, ಅದೂ ಚೂರೇ. ಉಪ್ಪು ಸೇರಿಸಬೇಡ. ರಾತ್ರಿಯೆಲ್ಲ ನೆನೆಯಲು ಬಿಡಬೇಡ. ತೋಟಾದ ಹಿತ್ತಾಳೆಯಲ್ಲಿ 70 ಭಾಗ ತಾಮ್ರ, 30 ಭಾಗ ಸತು. ಹುಳಿಯಲ್ಲಿ ಜಾಸ್ತಿ ಹೊತ್ತು ಕೂತರೆ ಸತು ಮೊದಲು ಬಿಟ್ಟುಹೋಗುತ್ತದೆ, ಮೇಲೆ ಗುಲಾಬಿ ಬಣ್ಣ ಬರುತ್ತದೆ. ನೋಡಲು ಥಳಥಳ, ಮೇಲ್ಮೈ ಮಾತ್ರ ಸೊರಗಿರುತ್ತದೆ. ಹಂಡೆಯಾದರೆ ಪರವಾಗಿಲ್ಲ. ಬೆಂಕಿಯ ಒತ್ತಡ ತಡೆಯಬೇಕಾದ ಕೊಳವೆ ಹಾಗಿರಬಾರದು, ಅಲ್ವಾ?

ಹುಳಿಗಿಂತ ಹೆಚ್ಚು ಹೆದರಬೇಕಾದ್ದು ಅಮೋನಿಯಾಗೆ. ಕೆಲವು ಹಿತ್ತಾಳೆ ಪಾಲಿಶ್‌ಗಳಲ್ಲಿ ಅದು ಇರುತ್ತದೆ, ಕ್ಷಣದಲ್ಲಿ ಹೊಳಪು ಬರುತ್ತದೆ. ಒಂದು ಕಾಲಕ್ಕೆ ಸೈನ್ಯದ ಕಂಟೋನ್ಮೆಂಟ್ ಇದ್ದ ಊರಲ್ಲಿ ಇದ್ದುಕೊಂಡು ಈ ಕತೆ ಹೇಳದೆ ಬಿಡಲಾರೆ. ಬ್ರಿಟಿಷರ ಕಾಲದಲ್ಲಿ ಭಾರತದ ಸೈನ್ಯದ ತೋಟಾಗಳನ್ನು ಮಳೆಗಾಲದಲ್ಲಿ ಕುದುರೆ ಲಾಯಗಳಲ್ಲಿ ಇಡುತ್ತಿದ್ದರು. ಮಳೆ ನಿಂತ ಮೇಲೆ ನೋಡಿದರೆ, ಹಾರಿಸದೆ ಇದ್ದ ತೋಟಾಗಳೇ ಬಿರುಕು ಬಿಟ್ಟಿರುತ್ತಿದ್ದವು. ಯಾರೂ ಮುಟ್ಟಿಲ್ಲ, ಕೆಳಗೆ ಬಿದ್ದಿಲ್ಲ. ಮೂರ್, ಬೆಕಿನ್ಸೇಲ್, ಮ್ಯಾಲಿನ್ಸನ್ ಎಂಬ ಮೂವರು 1921ರಲ್ಲಿ ಕಾರಣ ಬಿಡಿಸಿಟ್ಟರು. ಕುದುರೆ ಗಂಜಲದಿಂದ ಬರುವ ಅಮೋನಿಯಾ, ಮಳೆಗಾಲದ ತೇವ, ಜೊತೆಗೆ ತಣ್ಣಗಿರುವಾಗಲೇ ಎಳೆದು ಮಾಡಿದ ಹಿತ್ತಾಳೆಯೊಳಗೆ ಉಳಿದುಬಿಟ್ಟ ಬಿಗುಪು. ಮೂರೂ ಸೇರಿದರೆ ಲೋಹ ಸೀಳುತ್ತದೆ. ಹದವಾಗಿ ಬಿಸಿ ಮಾಡಿ ಆ ಬಿಗುಪು ಇಳಿಸಿದರೆ ಸೀಳುವುದಿಲ್ಲ. ಇದನ್ನು ಪಾಠದಲ್ಲಿ ಹೇಳಿದಾಗ ಹಿಂದಿನ ಬೆಂಚಿನವರೂ ತಲೆ ಎತ್ತುತ್ತಾರೆ. ಕುದುರೆ ಉಚ್ಚೆಯ ಮಹಿಮೆ!

ಒಣಗಿಸುವ ಬಗ್ಗೆ ಅವನು ಕೇಳಿದ. ಓವನ್‌ನಲ್ಲಿ ಜೋರು ಬಿಸಿ ಬೇಡ ಎಂದೆ, ಬುಡ ಮೆತ್ತಗಾದರೆ ಆ ಕೊಳವೆ ಕೆಲಸಕ್ಕೆ ಬಾರದು. ಬಟ್ಟೆ ಮೇಲೆ ಹರಡಿ ಬಿಸಿಲಿಗಿಡು. ನಮ್ಮ ಬಿಸಿಲನ್ನು ಪಾರ್ಸೆಲ್ ಮಾಡುವ ಹಾಗಿದ್ದರೆ ಬಳ್ಳಾರಿಯಷ್ಟು ಶ್ರೀಮಂತ ಊರು ಇನ್ನೊಂದು ಇರುತ್ತಿರಲಿಲ್ಲ.

ಅಷ್ಟರಲ್ಲಿ ಅವನ ಇನ್ನೊಂದು ಫೋಟೊ ಬಂತು. ತೋಟಾಗಳು ಸಾಬೂನು ನೀರಿನಲ್ಲಿ ಮುಳುಗಿವೆ. ಪಾತ್ರೆ ನೋಡಿದರೆ ದೋಸೆ ಹಿಟ್ಟು ಕಲಸುವ ಸ್ಟೀಲ್ ಬೋಗುಣಿ! ಇಟ್ಟಿರುವುದು ಅಡುಗೆಮನೆ ಸಿಂಕಿನಲ್ಲಿ.

ಆಗ ಬರೆಯುವುದು ಬಿಟ್ಟು ಫೋನ್ ಮಾಡಿದೆ. ಅದು ಬರೀ ಮಸಿ ಅಲ್ಲವೋ, ತಮ್ಮಾ. ಸಾಮಾನ್ಯವಾಗಿ ಪ್ರೈಮರ್‌ನಲ್ಲಿ ಸೀಸದ ಸಂಯುಕ್ತ ಇರುತ್ತದೆ, ಉರಿದ ಮೇಲೆ ಆ ಸೀಸ ಮಸಿಯ ಜೊತೆಗೇ ಕೂರುತ್ತದೆ. ಒಣ ಡ್ರಮ್ಮಿನಿಂದ ಎದ್ದ ದೂಳಿನಲ್ಲೂ ಅದೇ, ತೊಳೆದ ನೀರಿನಲ್ಲೂ ಅದೇ. ಚಿಕ್ಕ ಮಕ್ಕಳ ಮೈಗೆ ಚೂರು ಸೀಸ ಸೇರಿದರೂ ಮಿದುಳಿಗೆ ಪೆಟ್ಟು. ಅವನ ಮಗಳಿಗೆ ಇನ್ನೂ ಹಾಲುಹಲ್ಲು. ಕೈಗವಸು ಹಾಕಿಕೋ, ಗ್ಯಾರೇಜಿನಲ್ಲಿ ಮಾಡು, ನೀರನ್ನು ಕ್ಯಾನಿಗೆ ತುಂಬಿ ಅಪಾಯದ ಕಸ ತೆಗೆದುಕೊಳ್ಳುವ ಜಾಗಕ್ಕೆ ಕೊಡು ಎಂದೆಲ್ಲ ಹೇಳಿದೆ. ಸ್ವಲ್ಪ ಹೊತ್ತು ಮಾತಿಲ್ಲ. ಆಮೇಲೆ, "ಬೋಗುಣಿ ಏನ್ ಮಾಡ್ಲಿ ಅಕ್ಕಾ?" ಎಂದ.

ಅದು ಇನ್ನು ಗ್ಯಾರೇಜಿನದೇ. ಹೊಸದು ತಂದುಬಿಡು. ಹೆಂಡತಿಗೆ ಏನು ಹೇಳಬೇಕು ಅನ್ನುವುದಕ್ಕೆ ನನ್ನ ಕೆಮಿಸ್ಟ್ರಿಯಲ್ಲಿ ಉತ್ತರ ಇಲ್ಲ ಎಂದೆ.