ಮಾಟುಂಗದ ಮದುವೆ ಕಾದಂಬರಿ: ಆಸಾಡಿಯ ಅಧ್ಯಾಯ ದಾಟಿದ ಮೇಲೆ

ಮೇ ಕೊನೆ

ಕಿರುಕಾದಂಬರಿಯ ಮೊದಲ ಭಾಗದ ಕರಡು ಮುಗಿದಿದೆ. ಕುಂದಾಪುರ ಕಡೆಯಿಂದ ಬಂದು, ಮುಂಬಯಿಯ ಮಾಟುಂಗ ಪೂರ್ವದ ಹಳೆಯ ಕಟ್ಟಡವೊಂದರಲ್ಲಿ, ಪಗಡಿ ಎಂಬ ಹಳೆಯ ಬಾಡಿಗೆ ಪದ್ಧತಿಯ ಕೋಣೆಯಲ್ಲಿ ಬೆಳೆದ ಮೂವರು ಒಡಹುಟ್ಟಿದವರ ಕತೆ ಇದು. ಹಿರಿಯವಳು ನಾಗರತ್ನ ದೂರದ ಉಪನಗರ ಡೊಂಬಿವಲಿಯಲ್ಲಿ ಸಂಸಾರ ಹೂಡಿದ್ದಾಳೆ. ಗಣೇಶ ಹೋಟೆಲೊಂದರ ಗಲ್ಲಾದಲ್ಲಿ ಕೂರುತ್ತಾನೆ. ವರ್ಷಗಳ ಹಿಂದೆ ಅವನ ನಿಶ್ಚಿತಾರ್ಥ ಮುರಿದುಬಿದ್ದ ಮೇಲೆ ಮನೆಯಲ್ಲಿ ಆ ಮಾತನ್ನು ಯಾರೂ ಎತ್ತುವುದಿಲ್ಲ. ಕಿರಿಯವಳು ಅಶ್ವಿನಿ, ತಾಂಬೂಲ ಬದಲಾಯಿಸಿದ ಮರುದಿನದಿಂದಲೇ ಈ ಮದುವೆ ಬೇಕೇ ಬೇಡವೇ ಎಂಬ ಅನುಮಾನಕ್ಕೆ ಬಿದ್ದವಳು.

ವರನನ್ನು ಒಳ್ಳೆಯವನಾಗಿಯೇ ಇರಿಸಬೇಕೆಂಬುದು ಆರಂಭದಲ್ಲೇ ಮಾಡಿಕೊಂಡ ತೀರ್ಮಾನ. ಅವನಿಗೊಂದು ದುಶ್ಚಟವನ್ನೋ ಗುಟ್ಟಿನ ಪ್ರೇಮವನ್ನೋ ಅಂಟಿಸಿದರೆ ಕತೆ ತಾನಾಗಿ ಓಡುತ್ತದೆ, ನಿಜ. ಆದರೆ ಆಮೇಲೆ ಹುಡುಗಿಗೆ ಯೋಚಿಸುವ ಕೆಲಸವೇ ಉಳಿಯುವುದಿಲ್ಲ. ಅಶ್ವಿನಿ ಅವನಲ್ಲಿ ತಪ್ಪು ಹುಡುಕುತ್ತಾಳೆ, ಸಿಗುವುದಿಲ್ಲ, ಸಿಗಲಿಲ್ಲವೆಂದು ಸಿಟ್ಟಾಗುತ್ತಾಳೆ. ತಾನು ಹೋದ ಮೇಲೆ ಆ ಕೋಣೆಯಲ್ಲಿ ಅಣ್ಣ ಒಬ್ಬನೇ ಉಳಿಯುತ್ತಾನೆಂಬುದೇ ಅವಳ ಅಳುಕು ಎನ್ನುವುದು ಓದುಗರಿಗೆ ಅವಳಿಗಿಂತ ಮೊದಲು ತಿಳಿಯಬೇಕು. ಹಗುರ ಓದಿನ ಕಾದಂಬರಿಯಲ್ಲಿ ಇದನ್ನು ಪುಟಗಟ್ಟಲೆ ಚಿಂತನೆಯಾಗಿ ಬರೆಯುವಂತಿಲ್ಲವಾದ್ದರಿಂದ, ಹಾಲ್‌ಗೆ ಮುಂಗಡ ಕೊಡುವುದು, ಕರೆಯೋಲೆಯ ನಮೂನೆ ಆರಿಸುವುದು, ಹಿಂದ್‌ಮಾತಾ ಮಾರ್ಕೆಟ್ಟಿನಲ್ಲಿ ಸೀರೆ ನೋಡುವುದು ಮುಂತಾದ ಕೆಲಸಗಳನ್ನು ಅವಳು ಮುಂದೂಡುವ ರೀತಿಯಲ್ಲೇ ಅದನ್ನು ಕಾಣಿಸುತ್ತಿದ್ದೇನೆ.

ಜೂನ್

ಈ ತಿಂಗಳಿಡೀ ಪಗಡಿಯ ಕಾನೂನು ಓದುವುದರಲ್ಲೇ ಹೋಯಿತು. ಮದುವೆಯ ಕತೆಗೆ ಇದು ಯಾಕೆಂದು ಮನೆಯವರು ಕೇಳಿದರು. ಮುಂಬಯಿಯಲ್ಲಿ ಅಣ್ಣತಂಗಿಯರ ನಡುವೆ ನಂಬಿಕೆ ಅಲುಗಾಡಬೇಕಿದ್ದರೆ ಅದು ಹೆಚ್ಚಾಗಿ ಚದರಡಿಯ ಲೆಕ್ಕದಲ್ಲೇ ಎಂಬುದು ನನ್ನ ಅಭಿಪ್ರಾಯ. ಪಗಡಿ ಮನೆಯಲ್ಲಿ ಒಮ್ಮೆ ದೊಡ್ಡ ಮೊತ್ತ ಕೊಟ್ಟು ಒಳಗೆ ಬಂದವರು ಆಮೇಲೆ ಅತ್ಯಲ್ಪ ಬಾಡಿಗೆಯಲ್ಲಿ ಮುಂದುವರಿಯುತ್ತಾರೆ. ಹಿಂದೆ ಕದ್ದುಮುಚ್ಚಿ ಕೈಬದಲಾಗುತ್ತಿದ್ದ ಆ ಹಣಕ್ಕೆ 1999ರ ಮಹಾರಾಷ್ಟ್ರ ಬಾಡಿಗೆ ನಿಯಂತ್ರಣ ಕಾಯ್ದೆ ಮಾನ್ಯತೆ ನೀಡಿತು. ಬಾಡಿಗೆದಾರ ತೀರಿಕೊಂಡಾಗ ಅವನ ಜೊತೆ ವಾಸವಿದ್ದ ಕುಟುಂಬದವರಲ್ಲೊಬ್ಬರಿಗೆ ಹಕ್ಕು ಹೋಗುತ್ತದೆ, ಯಾರಿಗೆಂಬುದನ್ನು ಅವರೇ ಒಪ್ಪಿ ಗೊತ್ತುಮಾಡಬೇಕು, ಒಪ್ಪದಿದ್ದರೆ ನ್ಯಾಯಾಲಯ ಗೊತ್ತುಮಾಡುತ್ತದೆ.

ನನ್ನ ಕತೆಗೆ ಬೇಕಾಗಿದ್ದದ್ದು ಇಷ್ಟೇ. ಅಪ್ಪಯ್ಯ ತೀರಿಕೊಂಡಾಗ ನಾಗರತ್ನ ಆಗಲೇ ಗಂಡನ ಮನೆ ಸೇರಿದ್ದಳು, ಕೋಣೆಯಲ್ಲಿದ್ದವರು ಗಣೇಶ ಮತ್ತು ಅಶ್ವಿನಿ. ಬಾಡಿಗೆ ರಸೀದಿ ಇಂದಿಗೂ ಅಪ್ಪಯ್ಯನ ಹೆಸರಿನಲ್ಲೇ ಬರುತ್ತಿದೆ. ಈಗ ಕಟ್ಟಡ ಕೆಡವಿ ಹೊಸದು ಕಟ್ಟುವ ಮಾತು ನಡೆದಿದೆ. ದುರಸ್ತಿಯ ಸಲುವಾಗಿ ಸೆಸ್ ಎಂಬ ತೆರಿಗೆ ಕಟ್ಟುವ ಇಂಥ ಹಳೆಯ ಕಟ್ಟಡಗಳ ಬಾಡಿಗೆದಾರರಿಗೆ ಹೊಸದರಲ್ಲಿ ಕನಿಷ್ಠ 300 ಚದರಡಿ ಸಿಗಬೇಕೆಂಬ ನಿಯಮವಿರುವುದರಿಂದ ರಸೀದಿಯ ಮೇಲಿನ ಹೆಸರಿಗೆ ದಿಢೀರನೆ ಬೆಲೆ ಬಂದಿದೆ. ಕಪಾಟಿನಲ್ಲಿ, ಕರೆಯೋಲೆಯ ನಮೂನೆಗಳ ಅಡಿಯಲ್ಲಿ, ವಕೀಲರು ಬರೆದುಕೊಟ್ಟ ಒಪ್ಪಿಗೆ ಪತ್ರದ ಕೊನೆಯ ಹಾಳೆ ಅಶ್ವಿನಿಯ ಕೈಗೆ ಸಿಗುತ್ತದೆ. ಅದರಲ್ಲಿ ಅವಳ ಸಹಿಗೆ ಬಿಟ್ಟ ಜಾಗವಷ್ಟೇ ಇದೆ. ಅಣ್ಣ ಮದುವೆಗೆ ಆತುರಪಡಿಸುತ್ತಿರುವುದು ಈ ಕೋಣೆಗಾಗಿ ಎಂದು ಅವಳು ತೀರ್ಮಾನಿಸಿಬಿಡುತ್ತಾಳೆ. ಆದರೆ ಅವಳು ನೋಡದ ಮೊದಲ ಹಾಳೆಯಲ್ಲಿ ಹಕ್ಕು ಹೋಗಬೇಕಾದವರ ಹೆಸರಿನ ಜಾಗದಲ್ಲಿ ಗಣೇಶ ಬರೆಸಿರುವುದು ಅವಳದೇ ಹೆಸರನ್ನು. ನಾಳೆ ಹೊಂದಿಕೆಯಾಗದೆ ತಿರುಗಿ ಬಂದರೆ ತಂಗಿಗೆ ಒಂದು ಬಾಗಿಲಿರಲಿ ಎಂದುಕೊಂಡವನು, ಅದನ್ನು ಬಾಯಿಬಿಟ್ಟು ಹೇಳಿದರೆ ಅಪಶಕುನವಾದೀತೆಂದು ಸುಮ್ಮನಿದ್ದಾನೆ.

ಆಗಸ್ಟ್

ಆಸಾಡಿಯ, ಅಂದರೆ ನಮ್ಮ ಕಡೆಯ ಆಷಾಢದ, ಅಧ್ಯಾಯ ಎಣಿಸಿದ್ದಕ್ಕಿಂತ ಉದ್ದವಾಗಿದೆ, ಮೊಟಕುಗೊಳಿಸುವ ಮನಸ್ಸಿಲ್ಲ. ಆ ತಿಂಗಳು ಮುಹೂರ್ತವಿಲ್ಲ. ಯಾರೂ ಯಾವುದನ್ನೂ ನಿರ್ಧರಿಸಬೇಕಿಲ್ಲ ಎಂಬ ಬಿಡುವಿನಲ್ಲೇ ಜಗಳ ಹೊರಬರುತ್ತದೆ. ಊರಿನಿಂದ ದೊಡ್ಡಮ್ಮ ಮತ್ಸ್ಯಗಂಧ ರೈಲಿನಲ್ಲಿ ಬಂದಿಳಿಯುತ್ತಾರೆ. ಕೊಂಕಣ ರೈಲಿಗೆ ಮಳೆಗಾಲದ ವೇಳಾಪಟ್ಟಿ ಬಂದರೆ ವೇಗ ತಗ್ಗುವುದರಿಂದ ದಾರಿಯುದ್ದಕ್ಕೂ ಬೈದುಕೊಂಡೇ ಬಂದ ಅವರ ಚೀಲದಲ್ಲಿ ಪತ್ರೊಡೆಗೆಂದು ಒದ್ದೆ ಪತ್ರಿಕೆಯಲ್ಲಿ ಸುತ್ತಿದ ಕೆಸುವಿನ ಎಲೆ. ಮಾಟುಂಗದ ಮಾರ್ಕೆಟ್ಟಿನಲ್ಲಿ ಅದು ಸಿಗುತ್ತದೆಂದರೆ ಅವರು ನಂಬುವುದಿಲ್ಲ, ಸಿಕ್ಕರೂ ಅದು ತುರಿಸುತ್ತದೆ ಎನ್ನುತ್ತಾರೆ. ಎಲೆಯ ನಾರು ತೆಗೆಯುತ್ತಾ, ಬೆನ್ನಿಗೆ ಹಿಟ್ಟು ಸವರುತ್ತಾ ಕೂತ ಅವರ ಎದುರಿನಲ್ಲೇ ಅಶ್ವಿನಿ ಆ ಹಾಳೆಯ ಮಾತು ಎತ್ತುತ್ತಾಳೆ. ಗಣೇಶ ಉತ್ತರ ಕೊಡುವುದಿಲ್ಲ, ಚಪ್ಪಲಿ ಮೆಟ್ಟಿ ಹೋಟೆಲಿಗೆ ಹೋಗುತ್ತಾನೆ. ರಾತ್ರಿ ಗಲ್ಲಾದ ಲೆಕ್ಕ ಮುಗಿಸಿ ಹತ್ತರ ನಾಣ್ಯಗಳನ್ನು ಸಾಲಾಗಿ ಪೇರಿಸುತ್ತಾ ಫೋನಿನಲ್ಲಿ ಕೇಳುವುದು ಒಂದೇ ಮಾತು: “ಎಂತ ಮರಾಯ್ತಿ, ಉಂಡ್ಯಾ?”

ಈ ಸಾಲಿನ ಬಳಿಕ ಕ್ಷಮಾಪಣೆಯ ಸಂಭಾಷಣೆಯೊಂದಿತ್ತು. ತೆಗೆದಿದ್ದೇನೆ. ನಮ್ಮ ಕಡೆಯ ಅಣ್ಣಂದಿರು ಅಷ್ಟು ಮಾತನಾಡುವುದಿಲ್ಲ.

ಅಕ್ಟೋಬರ್

ನಾಗರತ್ನಳ ಪಾತ್ರಕ್ಕೆ ಜೀವ ಬಂದದ್ದು ಲೋಕಲ್ ರೈಲಿನಿಂದ. ಫಾಸ್ಟ್ ಗಾಡಿ ಮಾಟುಂಗದಲ್ಲಿ ನಿಲ್ಲುವುದಿಲ್ಲವಾದ್ದರಿಂದ ಅವಳು ದಾದರಿಗೆ ಹೋಗಿ ಒಂದು ಸ್ಟೇಷನ್ ಹಿಂದೆ ಬರಬೇಕು. ಭಾನುವಾರ ಹಳಿ ದುರಸ್ತಿಯ ಮೆಗಾಬ್ಲಾಕ್ ಇದ್ದರೆ ಅದೂ ತಲೆಕೆಳಗು. ಹಾಗಾಗಿ ಸಂಧಾನಕ್ಕೆ ಬರುವ ಅಕ್ಕ ಪ್ರತಿ ಸಲವೂ ಬಾಗಿಲಲ್ಲೇ ಸಿಡುಕುತ್ತಾ ಒಳಗೆ ಕಾಲಿಡುತ್ತಾಳೆ, ಅವಳನ್ನು ಸಮಾಧಾನಪಡಿಸುವ ಗಡಿಬಿಡಿಯಲ್ಲಿ ಅಣ್ಣತಂಗಿ ಒಂದಾಗುತ್ತಾರೆ. ಕೂಗಾಡುವವರೇ ಸಂಧಾನ ಮಾಡುವುದು ನಾನು ಕಂಡ ಎಷ್ಟೋ ಮನೆಗಳ ರೂಢಿ.

ಮದುವೆ ದೀಪಾವಳಿಯ ನಂತರ ನಡೆಯುತ್ತದೆ, ಮತ್ತು ಅದನ್ನು ಒಂದೇ ಪುಟದಲ್ಲಿ ಮುಗಿಸಿದ್ದೇನೆ. ಶಂಕರಪುರ ಮಲ್ಲಿಗೆಯ ದರ ಕೇಳಿ ದೊಡ್ಡಮ್ಮ ಹೂವಿನ ಚೆಂಡನ್ನು ಮೂಗಿನ ಹತ್ತಿರ ಹಿಡಿದು ತಾಜಾತನ ಪರೀಕ್ಷಿಸುವುದು ಬಿಟ್ಟರೆ ಮಂಟಪದ ವರ್ಣನೆಯೇ ಇಲ್ಲ.

ಬಾಕಿ ಇರುವುದು ಕೊನೆಯ ಅಧ್ಯಾಯ. ಮಹಾರಾಷ್ಟ್ರದ 1998ರ ಕಾಯ್ದೆಯಂತೆ ಮದುವೆಯಾದ 90 ದಿನಗಳೊಳಗೆ ನೋಂದಣಿ ಮಾಡಿಸಬೇಕು, ಅರ್ಜಿಗೆ ಮೂವರು ಸಾಕ್ಷಿಗಳ ಸಹಿ ಬೇಕು. ಪಾಲಿಕೆಯ ಎಫ್ ಉತ್ತರ ವಾರ್ಡಿನ ಕಚೇರಿಯ ಸಾಲಿನಲ್ಲಿ ನಾಗರತ್ನ ಒಬ್ಬಳು, ಗಣೇಶ ಒಬ್ಬ. ಮೂರನೆಯ ಸಾಕ್ಷಿಯಾಗಿ, ಹಿಂದೊಮ್ಮೆ ಗಣೇಶನೊಂದಿಗೆ ನಿಶ್ಚಯವಾಗಿದ್ದ, ಈಗ ಬೇರೆ ಸಂಸಾರದಲ್ಲಿ ಸುಖವಾಗಿರುವ ಹೆಣ್ಣುಮಗಳನ್ನು ಅಶ್ವಿನಿಯೇ ಕರೆತರುವಂತೆ ಬರೆಯುತ್ತಿದ್ದೇನೆ. ಅವಳು ಬಂದರೆ ಗಣೇಶ ಪೆನ್ನು ಕೊಡುತ್ತಾನೋ ಚಹಾ ತರುವ ನೆಪದಲ್ಲಿ ಎದ್ದುಹೋಗುತ್ತಾನೋ ಎಂಬುದಿನ್ನೂ ಇತ್ಯರ್ಥವಾಗಿಲ್ಲ. ಎರಡನ್ನೂ ಬರೆದು ನೋಡಿ, ನವೆಂಬರಿನಲ್ಲಿ ಒಂದನ್ನು ಉಳಿಸಿಕೊಳ್ಳುತ್ತೇನೆ.